ಬೇರು ಬೆಳ್ಳಗಿತ್ತು

ತೋಲ್ಪೆಟ್ಟಿಯ ಸುತ್ತಮುತ್ತ ಯಾರ ತೋಟದಲ್ಲಾದರೂ ಮೆಣಸಿನ ಬಳ್ಳಿ ಬಾಡಿದರೆ ಮೊದಲು ನನಗೆ ಫೋನ್ ಬರುತ್ತದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ಜಂಬಕ್ಕೇ ಹೇಳುತ್ತಿದ್ದೇನೆ. ಹುಣಸೂರಿನ ಕಡೆಯಿಂದ ಗಡಿ ದಾಟಿ ಇಲ್ಲಿಗೆ ಬಂದು ನೆಲೆಸಿದ ನನ್ನ ಅಪ್ಪ ಸೊರಗು ರೋಗಕ್ಕೆ ಅರ್ಧ ತೋಟವನ್ನು ಕಳೆದುಕೊಂಡು ಕಲಿತ ಪಾಠವನ್ನು ನಾನು ಅವರ ಹಿಂದೆ ಬುಟ್ಟಿ ಹಿಡಿದು ತಿರುಗುತ್ತಾ ಪುಕ್ಕಟೆಯಾಗಿ ಕಲಿತೆ. ಮಳೆಗಾಲದಲ್ಲಿ ಒಂದು ಬಳ್ಳಿ ಇದ್ದಕ್ಕಿದ್ದಂತೆ ಎಲೆ ಇಳಿಬಿಟ್ಟಿತೋ, ಅದರ ಮುಂದೆ ನಿಂತು ಅಯ್ಯೋ ಪಾಪ ಎನ್ನುತ್ತಾ ಕೂರಬಾರದು. ಬೇರು ಸಮೇತ ಕೀಳಬೇಕು, ಅಲ್ಲೇ ಸುಡಬೇಕು, ಗುಂಡಿಗೆ ಮೈಲುತುತ್ತ ಮತ್ತು ಸುಣ್ಣ ಕಲಸಿದ ನೀರನ್ನು ಸುರಿಯಬೇಕು. ಒಂದು ಬಳ್ಳಿಗೆ ಕರುಣೆ ತೋರಿಸಿದರೆ ಮುಂದಿನ ವಾರ ಹತ್ತು ಬಳ್ಳಿ ಹೋಗುತ್ತವೆ.

ಜನ ಹಿಂದೆ ಮುಂದೆ ನೋಡುವುದು ಇಲ್ಲೇ. ಎರಡು ದಿನ ಕಾಯೋಣ, ಸ್ವಲ್ಪ ಗೊಬ್ಬರ ಹಾಕೋಣ, ಕೃಷಿ ಭವನದವರನ್ನು ಕೇಳೋಣ ಎನ್ನುತ್ತಾರೆ. ನಾನು ಹೋದ ಮೇಲೆ ಆ ಮಾತೆಲ್ಲ ಇಲ್ಲ. ನನ್ನ ಜೊತೆ ಇಪ್ಪತ್ತು ವರ್ಷದಿಂದ ಕೆಲಸ ಮಾಡುವ ಒಬ್ಬ ಹೆಂಗಸಿದ್ದಾಳೆ, ಕಾಡಿನಂಚಿನ ಹಾಡಿಯವಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬಹುದು, ಬಾಯಿ ಮಾತ್ರ ನನಗಿಂತ ದೊಡ್ಡದು. ಅವಳು ನನ್ನನ್ನು ಅಣ್ಣ ಎನ್ನುತ್ತಾಳೆ, ಅದೇ ಉಸಿರಿನಲ್ಲಿ ಬೈಯುತ್ತಾಳೆ. "ನೀನು ಬಳ್ಳಿ ಡಾಕ್ಟರಲ್ಲ ಅಣ್ಣ, ಬಳ್ಳಿ ಪೋಲೀಸು. ಕಂಡ್ಕೂಡ್ಲೆ ಹಿಡಿದು ಎಳೀತೀಯ," ಎಂದು ಎಲೆಯಡಿಕೆ ಜಗಿಯುತ್ತಾ ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಹೊಗಳಿಕೆ ಎಂದೇ ತಿಳಿದಿದ್ದೆ.

ಈಗ ಸೊಸೆಯ ಬಳ್ಳಿಗಳ ವಿಷಯಕ್ಕೆ ಬರುತ್ತೇನೆ.

ನನ್ನ ಮಗ ಕಾಡು ನೋಡಲು ಬರುವವರಿಗೆ ಜೀಪು ಓಡಿಸುತ್ತಾನೆ. ಅವನ ಹೆಂಡತಿ ನೀಲಗಿರಿಯ ಹುಡುಗಿ, ಕೂನೂರಿನ ಹತ್ತಿರದವಳು. ಅವಳ ಅಪ್ಪ ಅಲ್ಲಿನ ಒಂದು ಎಸ್ಟೇಟ್ ಬಂಗಲೆಯಲ್ಲಿ ಜೀವಮಾನವಿಡೀ ಮಾಲಿಯಾಗಿದ್ದವರು. ತಾಯಿ ಇಲ್ಲದ ಮಗುವನ್ನು ಆ ತೋಟದಲ್ಲೇ ಸಾಕಿ ದೊಡ್ಡದು ಮಾಡಿದವರು. ಮದುವೆಯಾಗಿ ವರ್ಷ ತುಂಬುವ ಮೊದಲೇ ಅವರು ತೀರಿಕೊಂಡರು. ಲೈನ್ ಮನೆ ಖಾಲಿ ಮಾಡಲು ಹೋದ ಸೊಸೆ, ಪಾತ್ರೆ ಪಗಡೆಗಳನ್ನೆಲ್ಲ ಅಕ್ಕಪಕ್ಕದವರಿಗೆ ಕೊಟ್ಟು, ಹಾಲಿನ ಪ್ಯಾಕೆಟ್ಟಿನ ಮಣ್ಣಿನಲ್ಲಿ ನಿಂತ ಮೂರು ಗಿಡಗಳನ್ನು ತೊಡೆಯ ಮೇಲಿಟ್ಟುಕೊಂಡು ಗೂಡಲೂರು, ಬತ್ತೇರಿ, ಮಾನಂತವಾಡಿ ಎಂದು ನಾಲ್ಕು ಬಸ್ಸು ಬದಲಾಯಿಸಿ ಬಂದಳು. ಕ್ಲೆಮಾಟಿಸ್ ಎಂದಳು. ಅಪ್ಪ ಸಾಯುವ ಹಿಂದಿನ ಮಳೆಗಾಲದಲ್ಲಿ ತಾಯಿ ಬಳ್ಳಿಯ ಹಂಬನ್ನು ಬಗ್ಗಿಸಿ, ಮಣ್ಣಿನಲ್ಲಿ ಹೂತು, ಮೇಲೆ ಕಲ್ಲಿಟ್ಟು ಬೇರು ಬರಿಸಿದ್ದರಂತೆ. ಅವಳು ಹೋದಾಗ ಬೇರು ಬಂದಿತ್ತು, ಅಪ್ಪ ಇರಲಿಲ್ಲ. ಆಮೇಲೆ ಬಂಗಲೆ ಬೇರೆಯವರ ಕೈಗೆ ಹೋಗಿ, ಆ ಹೂತೋಟವನ್ನು ಸಮತಟ್ಟು ಮಾಡಿ ಕಾರು ನಿಲ್ಲಿಸುವ ಜಾಗ ಮಾಡಿದರು. ಆ ಬಳ್ಳಿ ಅಂತ ಇನ್ನು ಉಳಿದದ್ದು ನಮ್ಮ ಮನೆಗೆ ಬಂದ ಈ ಮೂರೇ.

ಮನೆಯ ಮೂಡಣ ಗೋಡೆಗೆ ಮೀನಿನ ಬಲೆ ಕಟ್ಟಿ ಮೂರನ್ನೂ ಸಾಲಾಗಿ ನೆಟ್ಟಳು. "ಇದು ಊಟಿ ಬಳ್ಳಿ. ನಮ್ಮಲ್ಲಿ ಎರಡು ತಿಂಗಳು ಬದುಕಿದರೆ ಹೆಚ್ಚು. ಬದುಕಿದರೂ ಹೂವನ್ನು ಸಾರಿಗೆ ಹಾಕೋಕಾಗುತ್ತಾ?" ಎಂದೆ ನಾನು. ಅವಳು ನಕ್ಕಳು. ಬಳ್ಳಿ ಬದುಕಿತು. ಎರಡನೇ ವರ್ಷ ಚಹಾ ಕುಡಿಯುವ ತಟ್ಟೆಯಷ್ಟು ಅಗಲದ ನೇರಳೆ ಹೂ ಬಿಟ್ಟಿತು. ಬೆಳಿಗ್ಗೆ ಹಲ್ಲುಜ್ಜುವ ನೆಪದಲ್ಲಿ ನಾನು ಆ ಗೋಡೆಯ ಕಡೆಗೇ ಹೋಗುತ್ತಿದ್ದೆ. ಸೊಸೆ ಅದನ್ನು ಕಂಡರೂ ಕಾಣದವಳಂತೆ ಇರುತ್ತಿದ್ದಳು. ಅಷ್ಟು ಒಳ್ಳೆಯವಳು.

ಅದರ ಮುಂದಿನ ಜೂನ್. ಮೊದಲ ಮಳೆ ಒಂದು ವಾರ ಸುರಿದು ಒಂದು ದಿನ ಬಿಸಿಲು ಬಿಟ್ಟಿತು. ಸೊಸೆ ಕಾಟ್ಟಿಕುಳಂನ ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಬೆಳಿಗ್ಗೆ ಎಂಟರ ಬಸ್ಸಿಗೆ ಹೋಗಿದ್ದಳು. ಹೋಗುವಾಗ ಮೂರೂ ಬಳ್ಳಿ ಮೊಗ್ಗು ತುಂಬಿಕೊಂಡು ಚೆನ್ನಾಗಿದ್ದವು. ಹನ್ನೊಂದು ಗಂಟೆಗೆ ನಾನೂ ಕೆಲಸದವಳೂ ತೋಟದಿಂದ ಗಂಜಿಗೆ ಬಂದಾಗ ನೋಡಿದರೆ ಮೊದಲನೇ ಬಳ್ಳಿ ಬುಡದಿಂದ ತುದಿಯವರೆಗೆ ಜೋತುಬಿದ್ದಿತ್ತು. ಎಲೆಗಳು ಕಪ್ಪಾಗಿದ್ದವು, ಮೊಗ್ಗುಗಳು ಕತ್ತು ಬಗ್ಗಿಸಿದ್ದವು.

ನಾನು ಗಂಜಿಯನ್ನೂ ಕುಡಿಯಲಿಲ್ಲ. ಪಿಕಾಸಿ ತಂದೆ. ಉಳಿದ ಎರಡನ್ನು ಉಳಿಸಬೇಕು, ಸೊಸೆ ಬರುವುದರೊಳಗೆ ಕೆಲಸ ಮುಗಿಯಬೇಕು, ಬಂದವಳು ಮಾವ ಇದ್ದದ್ದಕ್ಕೆ ಆಯಿತು ಎನ್ನಬೇಕು. ತಲೆಯಲ್ಲಿ ಇದ್ದದ್ದು ಇಷ್ಟೇ. ನಾಲ್ಕು ಏಟಿಗೆ ಬುಡ ಸಡಿಲವಾಯಿತು, ಹಿಡಿದು ಎಳೆದೆ, ಮಣ್ಣಿನ ಮುದ್ದೆಯ ಸಮೇತ ಬಂತು. ಮಣ್ಣು ಕೊಡವಿದೆ.

ಸೊರಗು ಹಿಡಿದ ಮೆಣಸಿನ ಬೇರು ಹೇಗಿರುತ್ತದೆ ಎಂದು ನನಗೆ ಕಣ್ಣು ಮುಚ್ಚಿದರೂ ಗೊತ್ತು. ಕಪ್ಪಾಗಿರುತ್ತದೆ, ಎರಡು ಬೆರಳಲ್ಲಿ ಹಿಡಿದು ಜಾರಿಸಿದರೆ ಸಿಪ್ಪೆ ಕಳಚಿ ಬರುತ್ತದೆ, ನಾರುತ್ತದೆ. ಇದರ ಬೇರು ಬೆಳ್ಳಗಿತ್ತು. ಸೇಮಿಗೆಯ ಹಾಗೆ ಉದ್ದವಾಗಿ, ಗಟ್ಟಿಯಾಗಿ, ಶುದ್ಧವಾಗಿತ್ತು. ಮಣ್ಣಿನೊಳಗಿದ್ದ ಗೆಣ್ಣಿನ ಹತ್ತಿರ ಅಕ್ಕಿಕಾಳಿನಷ್ಟು ದಪ್ಪದ ಎರಡು ಕೆಂಪು ಮೊಳಕೆಗಳೂ ಇದ್ದವು.

"ಅಣ್ಣಾ, ಬೇರು ಹಸಿ ಉಂಟಲ್ಲ. ಪಿನ್ನೆ ಯಾಕೆ ಕಿತ್ತೆ?" ಎಂದಳು ಕೆಲಸದವಳು.

"ನಿಂಗೆ ಗೊತ್ತೋ ನಂಗೆ ಗೊತ್ತೋ? ಸೀಮೆಣ್ಣೆ ತಾ," ಎಂದು ಗದರಿದೆ.

ನಾನು ನೋಡಿದ್ದೆ. ನೋಡಿಯೂ ಕೈ ನಿಲ್ಲಲಿಲ್ಲ. ಇಷ್ಟು ವರ್ಷ ಕಿತ್ತು ಸುಟ್ಟ ಕೈ ಅದು, ಅರ್ಧಕ್ಕೆ ನಿಲ್ಲಿಸಿ ಗೊತ್ತಿಲ್ಲ. ಸೀಮೆಣ್ಣೆ ಸುರಿದು ಕಡ್ಡಿ ಗೀರಿದೆ. ಹಸಿ ಬೇರು ಬೇಗ ಹೊತ್ತಿಕೊಳ್ಳಲಿಲ್ಲ, ಮೂರು ಸಲ ಸೀಮೆಣ್ಣೆ ಹಾಕಬೇಕಾಯಿತು. ಆಮೇಲೆ ಗುಂಡಿಗೆ ತುತ್ತ-ಸುಣ್ಣದ ನೀರು ಸುರಿದು ಕೈ ತೊಳೆದುಕೊಂಡೆ.

ಐದು ಗಂಟೆಗೆ ಸೊಸೆ ಬಂದಳು. ಚೀಲವನ್ನು ಜಗಲಿಯ ಮೇಲಿಟ್ಟು ಗೋಡೆಯ ಕಡೆ ನೋಡಿದಳು. ನೀಲಿ ನೀರು ನಿಂತ ಗುಂಡಿಯ ಹತ್ತಿರ ಹೋಗಿ ಕುಳಿತಳು. ನಾನು ಶುರು ಮಾಡಿದೆ: ಬೆಳಿಗ್ಗೆ ಹೀಗಿತ್ತು, ಹನ್ನೊಂದಕ್ಕೆ ಹೀಗಾಯಿತು, ಬಿಟ್ಟಿದ್ದರೆ ಮೂರೂ ಹೋಗುತ್ತಿದ್ದವು.

ಅವಳು ಕೇಳಿದ್ದು ಒಂದೇ. "ಬೇರು ಹೆಂಗಿತ್ತು ಮಾವ?"

"ಕೊಳೆತಿತ್ತು," ಎಂದೆ.

ಬಾಯಿಂದ ತಾನಾಗಿ ಬಂತು ಎಂದು ಹೇಳಿ ತಪ್ಪಿಸಿಕೊಳ್ಳಲಾರೆ. ಯೋಚಿಸಿಯೇ ಹೇಳಿದೆ. ಕೆಲಸದವಳು ಬಾವಿಕಟ್ಟೆಯ ಹತ್ತಿರ ಕಾಲು ತೊಳೆಯುತ್ತಿದ್ದಳು. ಕೇಳಿಸಿಕೊಂಡು ನನ್ನನ್ನು ಒಮ್ಮೆ ನೋಡಿ ಮುಖ ತಿರುಗಿಸಿದಳು.

ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. "ಈ ಬಳ್ಳಿ ಹಿಂಗೇ ಒಂದೇ ದಿನಕ್ಕೆ ಮೇಲಿಂದ ಸಾಯುತ್ತೆ ಮಾವ. ಬುಡದ ತನಕ ಕತ್ತರಿಸಿ ಬಿಟ್ರೆ ಮಣ್ಣೊಳಗಿಂದ ಮತ್ತೆ ಬರುತ್ತೆ ಅಂತ ನಮ್ಮಪ್ಪ ಹೇಳೋರು. ಒಂದೊಂದ್ಸಲ ಒಂದು ವರ್ಷ ಆಗುತ್ತಂತೆ. ಆದ್ರೆ ಬೇರೇ ಕೊಳೆತಿದ್ರೆ ಯಾರೂ ಏನೂ ಮಾಡೋಕಾಗಲ್ಲ. ನೀವು ಮಾಡಿದ್ದೇ ಸರಿ," ಎಂದಳು.

ನಾನು ಪಿಕಾಸಿ ಎತ್ತಿ ಒಳಗಿಟ್ಟೆ.

ಹತ್ತು ದಿನ ಕಳೆದ ಮೇಲೆ ಎರಡನೇ ಬಳ್ಳಿಯೂ ಜೋತುಬಿತ್ತು. ಅಂದು ಭಾನುವಾರ, ಸೊಸೆ ಮನೆಯಲ್ಲಿದ್ದಳು. ನಾನು ಪಿಕಾಸಿಯ ಕಡೆ ತಿರುಗಿಯೂ ನೋಡಲಿಲ್ಲ. ಅವಳು ಬಿಸಿನೀರಿನಲ್ಲಿ ಕತ್ತಿ ಅದ್ದಿ ಒರೆಸಿಕೊಂಡು ಬಂದು, ಬಳ್ಳಿಯನ್ನು ಒಂದೊಂದೇ ಗೆಣ್ಣಿಗೆ ಕತ್ತರಿಸುತ್ತಾ ಕೆಳಗೆ ಬಂದಳು. ಪ್ರತಿ ಕಡಿತದಲ್ಲೂ ಒಳಗೆ ಕಂದು ಬಣ್ಣ. ನೆಲದಿಂದ ನಾಲ್ಕು ಬೆರಳು ಮೇಲಿನ ಗೆಣ್ಣಿನಲ್ಲಿ ಒಂದು ಕಪ್ಪು ಪಟ್ಟಿ ಸುತ್ತಿಕೊಂಡಿತ್ತು. ಅದರ ಕೆಳಗೆ ಕತ್ತರಿಸಿದಾಗ ಮಾತ್ರ ಹಸಿರು ಕಂಡಿತು. "ಇದು ಬರುತ್ತೆ ಮಾವ," ಎಂದಳು. ಅವಳ ಮುಖದಲ್ಲಿದ್ದ ಆಸೆಯನ್ನು ನೋಡಿ ನನಗೆ ನಾಚಿಕೆಯಾಯಿತು. ಆ ನಾಚಿಕೆಯಿಂದಲೇ ಹಟ ಹುಟ್ಟಿತು. ಉಳಿದ ಎರಡನ್ನು ಉಳಿಸಿಯೇ ತೀರುತ್ತೇನೆ, ಆಗ ಮೊದಲನೆಯದರ ಮಾತನ್ನು ಯಾರೂ ಎತ್ತುವುದಿಲ್ಲ ಎಂದುಕೊಂಡೆ. ನನ್ನ ಹಟ ಎಂಥದ್ದು ಎಂದು ನನ್ನ ಹೆಂಡತಿಯನ್ನು ಕೇಳಬೇಕು.

ಕುಳಿತು ಗೋಡೆಯನ್ನು ನೋಡಿದೆ. ಮೆಣಸು ನೋಡುವ ಕಣ್ಣನ್ನು ಪಕ್ಕಕ್ಕಿಟ್ಟು ನೋಡಬೇಕೆಂದುಕೊಂಡರೂ, ಮೊದಲು ಕಂಡದ್ದು ಮೆಣಸಿನವನಿಗೆ ಕಾಣುವುದೇ. ಮಾಡಿನ ನೀರು ನೇರವಾಗಿ ಬುಡದ ಮುಂದೆ ಬಿದ್ದು ಕೆಸರು ಒಂದು ಮೊಳ ಎತ್ತರಕ್ಕೆ ಸಿಡಿಯುತ್ತಿತ್ತು. ಕಪ್ಪು ಪಟ್ಟಿ ಇದ್ದದ್ದು ಆ ಸಿಡಿಯುವ ಜಾಗದಲ್ಲೇ. ಮೇಲೆ ಗಾಳಿಗೆ ಬಲೆ ಉಜ್ಜಿ ಕಾಂಡಕ್ಕೆ ಗೀರಾಗಿತ್ತು. ಜೊತೆಗೆ ಆಫ್ರಿಕನ್ ಬಸವನಹುಳು. ನಮ್ಮ ಕಡೆ ಈಗ ಮಳೆ ಬಂದರೆ ಇವುಗಳದೇ ರಾಜ್ಯ, ಅಂಗೈಯಗಲದವು ಗೋಡೆ ಹತ್ತುತ್ತವೆ. ಕಾಂಡದ ಸಿಪ್ಪೆಯನ್ನು ಅವು ಕೆರೆದು ತಿಂದ ಗುರುತೂ ಇತ್ತು.

ಮಾಡಿಗೆ ತಗಡಿನ ದೋಣಿ ಕಟ್ಟಿ ನೀರನ್ನು ಆಚೆ ತಿರುಗಿಸಿದೆ. ಬಲೆಯನ್ನು ಬಿಚ್ಚಿ ಬಿದಿರಿನ ದಬ್ಬೆಯ ಹಂದರ ಹಾಕಿದೆ. ಬುಡದ ಸುತ್ತ ಒಂದು ಗೇಣು ಬಿಟ್ಟು ಒಣ ತರಗು ಹಾಸಿ, ಬಿಸಿಲು ಬೀಳದಂತೆ ಚಪ್ಪಡಿ ಕಲ್ಲು ಒರಗಿಸಿದೆ. ಅದರಾಚೆಗೆ ಬೂದಿಯ ಕಟ್ಟೆ ಹಾಕಿದೆ, ಪ್ರತಿ ಮಳೆಗೂ ಹೊಸದು. ಬೆಳಿಗ್ಗೆ ಚಹಾಕ್ಕೆ ಮೊದಲು ಬಕೆಟ್ಟಿನಲ್ಲಿ ಉಪ್ಪುನೀರು ಹಿಡಿದು ಬಸವನಹುಳು ಹೆಕ್ಕುವುದು ನನ್ನ ಕೆಲಸವಾಯಿತು. ಇದನ್ನೆಲ್ಲ ನಾನು ಒಪ್ಪಿಕೊಂಡು ಮಾಡಿದೆ. ಒಂದಕ್ಕೆ ಮಾತ್ರ ಮನಸ್ಸು ಒಗ್ಗಲಿಲ್ಲ. ಬುಡಕ್ಕೆ ಮಣ್ಣು ಏರಿಸಿ ಎರಡು ಗೆಣ್ಣು ಒಳಗೆ ಹೋಗುವಂತೆ ಮುಚ್ಚಬೇಕು ಎಂದಳು ಸೊಸೆ. ಮೆಣಸಿನಲ್ಲಿ ನೆಲಕ್ಕೆ ತಾಗುವ ಹಂಬುಗಳನ್ನು ಮಳೆಗೆ ಮೊದಲೇ ಕತ್ತರಿಸುತ್ತೇವೆ, ಮಣ್ಣು ತಾಗಿದರೆ ರೋಗ ಎಂದು ಊರಿಗೆಲ್ಲ ಹೇಳಿಕೊಂಡು ಬಂದವನು ನಾನು. ಇಲ್ಲಿ ಅದೇ ಕೈಯಿಂದ ಗೆಣ್ಣನ್ನು ಹೂಳಬೇಕು. ಹೂಳಿದೆ. ಹೂಳುವಾಗ ನನ್ನಪ್ಪ ಹಿಂದೆ ನಿಂತು ಬೈಯುತ್ತಿದ್ದಾರೆ ಎಂದೇ ಅನ್ನಿಸಿತು.

"ಸುಳ್ಳು ಹೇಳಿದ್ದಕ್ಕೆ ಇಷ್ಟೊಂದು ಪಣಿ, ಇಷ್ಟು ಕೆಲಸವಾ ಅಣ್ಣ?" ಎಂದಳು ಕೆಲಸದವಳು, ಕಲ್ಲು ಹೊತ್ತು ತರುತ್ತಾ. "ಒಂದು ಮಾತಲ್ಲಿ ಮುಗೀತಿತ್ತು. ಈಗ ನನ್ನ ಸೊಂಟ ಮುರೀತಾ ಉಂಟು."

"ಬಾಯಿ ಮುಚ್ಕೊಂಡು ಕಲ್ಲಿಡು," ಎಂದೆ.

ಅವಳು ಕಲ್ಲಿಟ್ಟಳು, ಬಾಯಿ ಮುಚ್ಚಲಿಲ್ಲ. "ಆ ಹುಡುಗಿ ನಿನ್ನ ಮಾತು ನಂಬಿದ್ದಾಳೆ. ಅದಕ್ಕೇ ಹೇಳ್ತಾ ಇರೋದು."

ಮೂರನೇ ಬಳ್ಳಿ ಜುಲೈಯವರೆಗೆ ಚೆನ್ನಾಗಿತ್ತು, ಎರಡು ಹೂವನ್ನೂ ಬಿಟ್ಟಿತು. ಆಮೇಲೆ ನಾಲ್ಕು ದಿನ ಬಿಡದೆ ಹೊಡೆದ ಮಳೆ ನಿಂತ ಬೆಳಿಗ್ಗೆ ಅದೂ ನೆಲಕ್ಕೆ ಬಾಗಿತು. ಸೊಸೆ ಕತ್ತಿ ತಂದು ಅದನ್ನೂ ಬುಡದವರೆಗೆ ಕತ್ತರಿಸಿದಳು. ಈಗ ಗೋಡೆಯಲ್ಲಿ ಬರಿಯ ಬಿದಿರಿನ ಹಂದರ, ಕೆಳಗೆ ಎರಡು ಮಣ್ಣಿನ ಗುಪ್ಪೆ. ನೋಡಿದವರು ಇಲ್ಲಿ ಏನನ್ನು ಹೂತಿದ್ದೀರಿ ಎಂದು ಕೇಳುತ್ತಿದ್ದರು.

ಆಗಸ್ಟ್ ಕಳೆಯುತ್ತಾ ಬಂತು. ಏನೂ ಮೊಳೆಯಲಿಲ್ಲ. ನಾನು ಬೂದಿ ಹಾಕುತ್ತಲೇ ಇದ್ದೆ. "ಬರೀ ಮಣ್ಣಿಗೆ ಕಾವಲು ಕೂತಿದ್ದೀರಿ. ಅತ್ತ ನಿಮ್ಮ ಮೆಣಸಿಗೆ ಹಂದಿ ನುಗ್ಗಿದೆ," ಎಂದು ಹೆಂಡತಿ ಬೈದಳು. ನುಗ್ಗಲಿ ಎಂದೆ. ಅವಳು ನನ್ನ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದಳು.

ಓಣಂಗೆ ಮೊದಲು ಹೊಲಿಗೆ ಅಂಗಡಿಯಲ್ಲಿ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಹಬ್ಬ ಮುಗಿದ ಮೇಲೆ ಸೊಸೆಗೆ ಮೂರು ದಿನ ರಜೆ ಸಿಕ್ಕಿತು. ರಜೆಯ ಮೊದಲನೇ ದಿನ ನಾನು ತೋಟದಿಂದ ಬರುವಾಗ ಅವಳು ಗೋಡೆಯ ಹತ್ತಿರ ಸೀರೆ ಎತ್ತಿಕಟ್ಟಿ ನಿಂತಿದ್ದಳು. ಕೈಯಲ್ಲಿ ನನ್ನ ಪಿಕಾಸಿ. ಪಕ್ಕದಲ್ಲಿ ಸುಣ್ಣದ ಚೀಲ, ತುತ್ತ ಕಲಸಿದ ಪ್ಲಾಸ್ಟಿಕ್ ಡ್ರಮ್ಮು. ಎಲ್ಲವನ್ನೂ ಕೆಲಸದವಳ ಕೈಯಲ್ಲಿ ತರಿಸಿಟ್ಟಿದ್ದಳು. ತರಗನ್ನು ಸರಿಸಿ ಆಗಿತ್ತು.

"ಏನಿದು?" ಎಂದೆ.

"ಸುಮ್ನೆ ಎಷ್ಟು ದಿನ ಆಸೆ ಇಟ್ಕೊಳ್ಳೋದು ಮಾವ? ಕಿತ್ತು ಹಾಕ್ತೀನಿ. ನೀವೇ ಮಾಡ್ತಿದ್ರಿ, ನನ್ನ ಮುಖ ನೋಡಿ ಮಾಡದೆ ಬಿಟ್ಟಿದ್ದೀರಿ. ನಂಗೆ ಗೊತ್ತು."

"ಇನ್ನೊಂದು ತಿಂಗಳು ನೋಡೋಣ."

"ನೋಡಿ ಏನು ಮಾಡೋದು? ಬರೀ ಕಾಂಡದ ರೋಗ ಆಗಿದ್ರೆ ನಾನೂ ವರ್ಷ ಕಾಯ್ತಿದ್ದೆ. ಮೊದಲ್ನೇದರ ಬೇರೇ ಕೊಳೆತಿತ್ತಲ್ಲ? ಅಂದ್ರೆ ರೋಗ ಮಣ್ಣಲ್ಲೇ ಇದೆ. ಇವೂ ಒಳಗೇ ಕೊಳೆತಿರ್ತವೆ. ನಾಳೆ ನಿಮ್ಮ ಮೆಣಸಿಗೂ ಹರಡಿದ್ರೆ?"

ಅವಳ ಲೆಕ್ಕ ಸರಿಯಾಗಿತ್ತು. ಅದಕ್ಕೆ ಆಧಾರವಾಗಿದ್ದ ಮಾತೇ ಸುಳ್ಳು, ಆ ಸುಳ್ಳು ನನ್ನದು. ಜೀವ ಇರುವ ಬೇರನ್ನು ಅವಳು ನನ್ನ ಮಾತು ಕೇಳಿ ತನ್ನ ಕೈಯಾರೆ ಕೀಳಲಿದ್ದಳು. ಇನ್ನೊಂದು ಸುಳ್ಳು ಹೇಳಿ ನಿಲ್ಲಿಸಬಹುದಿತ್ತು: ಇಂದು ಮಂಗಳವಾರ ಬೇಡ, ಮಳೆಯಲ್ಲಿ ಮಣ್ಣು ಅಗೆಯಬಾರದು, ಏನಾದರೊಂದು. ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಆ ಸುಳ್ಳು ಅವಳನ್ನು ಒಂದು ವಾರ ತಡೆಯುತ್ತದೆ, ಆಮೇಲೆ ಅವಳು ಕೀಳುತ್ತಾಳೆ. ವರ್ಷವಿಡೀ ಕಾಯಬೇಕಾದರೆ ನಿಜವೇ ಗೊತ್ತಿರಬೇಕು. ಕೆಲಸದವಳು ಡ್ರಮ್ಮಿನ ಪಕ್ಕದಲ್ಲಿ ಕೈಕಟ್ಟಿ ನಿಂತು ನನ್ನನ್ನೇ ನೋಡುತ್ತಿದ್ದಳು. ಸೊಸೆ ಪಿಕಾಸಿ ಎತ್ತಿದಳು.

"ಬೇರು ಕೊಳೆತಿರಲಿಲ್ಲ," ಎಂದೆ.

ಪಿಕಾಸಿ ಎತ್ತಿದಲ್ಲೇ ನಿಂತಿತು.

"ಬೆಳ್ಳಗಿತ್ತು. ಚೆನ್ನಾಗಿತ್ತು. ಎರಡು ಮೊಳಕೆಯೂ ಇದ್ದವು. ಇವಳೂ ನೋಡಿದ್ದಾಳೆ, ಹೇಳಿದಳು, ನಾನೇ ಗದರಿಸಿ ಸುಟ್ಟೆ. ನೀನು ಕೇಳಿದಾಗ ಸುಳ್ಳು ಹೇಳಿದೆ. ತಪ್ಪಾಯ್ತು."

ಅವಳು ಪಿಕಾಸಿಯನ್ನು ಮೆಲ್ಲಗೆ ಕೆಳಗಿಟ್ಟಳು. ಗುಪ್ಪೆಗಳನ್ನೇ ನೋಡಿದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಹಗುರವಾಗುತ್ತಿತ್ತು.

"ಸುಟ್ಟಿದ್ದಕ್ಕೆ ನಂಗೆ ಸಿಟ್ಟಿಲ್ಲ," ಎಂದಳು. "ನೀವು ಮೆಣಸಿನೋರು, ಮೆಣಸು ಅಂತ ಸುಟ್ರಿ. ಆದ್ರೆ ಎರಡೂವರೆ ತಿಂಗಳು ನಮ್ಮಪ್ಪನ ಮಾತೇ ತಪ್ಪು ಅಂದ್ಕೊಂಡಿದ್ನಲ್ಲ ನಾನು? ಅವರು ಹೇಳಿದ್ದು ಈ ಊರಲ್ಲಿ ನಡೆಯಲ್ಲ, ಅವರಿಗೆ ಪೂರ್ತಿ ಗೊತ್ತಿರಲಿಲ್ಲ ಅಂತ ದಿನಾ ಅಂದ್ಕೊಂಡೆ. ಅದನ್ನ ಯಾರು ವಾಪಸ್ ಕೊಡ್ತಾರೆ?"

ನಾನು ಒಂದು ಬಳ್ಳಿ ಸುಟ್ಟೆ ಎಂದುಕೊಂಡಿದ್ದೆ. ತೀರಿಹೋದ ಒಬ್ಬ ಮನುಷ್ಯನನ್ನು ಅವನ ಮಗಳ ಕಣ್ಣಲ್ಲಿ ದಡ್ಡನನ್ನಾಗಿ ಮಾಡಿದ್ದೆ. ಅದೂ ಬಳ್ಳಿಯ ವಿಷಯದಲ್ಲಿ ನನಗಿಂತ ಚೆನ್ನಾಗಿ ತಿಳಿದವನನ್ನು.

ಅವಳು ಬಗ್ಗಿ, ಸರಿಸಿದ್ದ ತರಗನ್ನು ಕೈಯಿಂದಲೇ ಮತ್ತೆ ಹಾಸಿದಳು. ಚಪ್ಪಡಿಯನ್ನು ಒರಗಿಸಿ ಒಳಗೆ ಹೋದಳು. ಕೆಲಸದವಳು ಸುಣ್ಣದ ಚೀಲವನ್ನು ತಲೆಗೇರಿಸಿಕೊಂಡು, "ಪೋಟ್ಟೆ, ಹೋಗ್ಲಿ ಬಿಡು ಅಣ್ಣ, ಈಗಲಾದ್ರೂ ಹೇಳ್ದೆಯಲ್ಲ," ಎಂದಳು. ಆ ಹೊತ್ತಿಗೆ ಅವಳ ಸಮಾಧಾನವೂ ಬೈಗುಳದ ಹಾಗೆ ಕೇಳಿಸಿತು. ವಿಷಯ ಗೊತ್ತಾದ ಮೂರನೇ ದಿನ ನನ್ನ ಹೆಂಡತಿ ಅನ್ನ ಬಡಿಸುತ್ತಾ, "ಮೂವತ್ತೈದು ವರ್ಷದಲ್ಲಿ ನಂಗೊಂದು ಸಲ ತಪ್ಪಾಯ್ತು ಅಂತ ಹೇಳಿದ್ರೆ ಪಾಯಸ ಮಾಡ್ತಿದ್ದೆ," ಎಂದಳು. ಮಗ ನಗು ತಡೆಯಲಾರದೆ ಎದ್ದು ಹೋದ. ಸೊಸೆ ನಗಲಿಲ್ಲ.

ಅವಳು ನನ್ನೊಡನೆ ಮಾತು ಬಿಡಲಿಲ್ಲ. ನಮ್ಮಂಥ ಚಿಕ್ಕ ಮನೆಯಲ್ಲಿ ಮಾತು ಬಿಟ್ಟು ಬದುಕಲಾಗುವುದಿಲ್ಲ. ಚಹಾ ಆರುತ್ತೆ, ಎನ್ನುತ್ತಿದ್ದಳು. ಬಸ್ಸಿಗೆ ಹೊತ್ತಾಯ್ತು, ಎನ್ನುತ್ತಿದ್ದಳು. ಬೇಕಾದಷ್ಟೇ ಮಾತು, ಅದೂ ಗೋಡೆಗೆ ಹೇಳಿದ ಹಾಗೆ. ನಾನು ಸಹಿಸಿಕೊಂಡೆ ಎಂದರೆ ದೊಡ್ಡ ಮಾತಾಗುತ್ತದೆ. ಬೇರೆ ದಾರಿ ಇರಲಿಲ್ಲ.

ಆದರೆ ಬಳ್ಳಿಯ ಕೆಲಸ ಬಿಡಲಿಲ್ಲ. ಮೊದಲು ನನ್ನ ಮರ್ಯಾದೆ ಉಳಿಸಿಕೊಳ್ಳಲು ಮಾಡುತ್ತಿದ್ದೆ, ಉಳಿಸಿಕೊಳ್ಳಲು ಈಗ ಏನೂ ಇರಲಿಲ್ಲ. ವಿಚಿತ್ರ ಎಂದರೆ ಕೆಲಸ ಇನ್ನೂ ಸಲೀಸಾಯಿತು. ಕೋಳಿ ಕೆದಕದಂತೆ ಸುತ್ತ ಬಿದಿರಿನ ಚಿಕ್ಕ ಬೇಲಿ ಕಟ್ಟಿದೆ. ಮಳೆ ಬಿಟ್ಟ ದಿನಗಳಲ್ಲಿ ಒಂದು ಚೊಂಬು ನೀರನ್ನು ಬುಡಕ್ಕೆ ತಾಗದಂತೆ ಸುತ್ತ ಹಾಕಿದೆ, ಬೂದಿಯ ಕಟ್ಟೆ ತೊಳೆದು ಹೋದಾಗಲೆಲ್ಲ ಹೊಸದು ಹಾಕಿದೆ. ಮಾನಂತವಾಡಿಯಲ್ಲಿ ಗೊಬ್ಬರದಂಗಡಿಯವನು ಇದಕ್ಕೊಂದು ಔಷಧಿ ಇದೆ ಎಂದು ಬಾಟಲಿ ತೋರಿಸಿದ. ಮನೆಗೆ ಬಂದು ಸೊಸೆಯನ್ನು ಕೇಳಿದೆ. ಬೇಡ ಎಂದಳು. ತರಲಿಲ್ಲ. ಬಳ್ಳಿಯ ವಿಷಯದಲ್ಲಿ ನಾನು ಒಬ್ಬರನ್ನು ಕೇಳಿದ್ದು, ಕೇಳಿ ಅದರಂತೆ ನಡೆದದ್ದು ಅದೇ ಮೊದಲು.

ಸೆಪ್ಟೆಂಬರ್ ಹೋಯಿತು. ಈ ನಡುವೆ ಬೇರೆ ತೋಟಗಳಿಂದ ಫೋನ್ ಬರುತ್ತಲೇ ಇತ್ತು. ಹೋಗುತ್ತಿದ್ದೆ. ಬಾಡಿದ ಮೆಣಸಿನ ಬಳ್ಳಿಯ ಮುಂದೆ ಕುಳಿತು ಮೊದಲು ಸ್ವಲ್ಪ ಮಣ್ಣು ಸರಿಸಿ, ಒಂದು ಎಳೆ ಬೇರನ್ನು ಹಿಡಿದು ನೋಡುತ್ತಿದ್ದೆ. ಕಪ್ಪಾಗಿದ್ದರೆ ಮೊದಲಿನ ಹಾಗೇ ಕಿತ್ತು ಸುಡುತ್ತಿದ್ದೆ, ಮೆಣಸಿಗೆ ಅದೇ ಸರಿ. ಪಯ್ಯಂಪಳ್ಳಿಯ ಒಬ್ಬ ಯಜಮಾನರು ಗಡಿಯಾರ ನೋಡುತ್ತಾ, "ಮುಂಚೆ ಇಷ್ಟು ಹೊತ್ತಿಗೆ ಸುಟ್ಟು ಚಹಾ ಕುಡಿದು ಹೋಗಿರುತ್ತಿದ್ದಿರಿ," ಎಂದರು. ವಯಸ್ಸಾಯಿತು ಎಂದೆ.

ಅಕ್ಟೋಬರ್ ನಡುವಿನಲ್ಲಿ, ಸಂಜೆ ಹೊತ್ತು ಗುಡುಗಿ ಸುರಿಯುವ ತುಲಾ ಮಳೆ ಶುರುವಾದ ಮೇಲೆ, ಒಂದು ಬೆಳಿಗ್ಗೆ ಮೂರನೇ ಬಳ್ಳಿಯ ಗುಪ್ಪೆಯ ಅಂಚಿನಲ್ಲಿ ತರಗಿನ ನಡುವೆ ಕೆಂಪಗೆ ಏನೋ ಕಂಡಿತು. ಬೆಂಕಿಕಡ್ಡಿಯ ತಲೆಯಷ್ಟಿತ್ತು. ಕೂಗಿ ಕರೆಯಬೇಕೆಂದು ಬಾಯಿ ತೆರೆದವನು ಮುಚ್ಚಿದೆ. ಕಳೆ ಇದ್ದರೆ? ಇದು ಅದೇ ಎಂದು ಹೇಳುವ ಬಾಯಿ ನನ್ನದಾಗಿ ಉಳಿದಿರಲಿಲ್ಲ. ಬಸವನಹುಳು ಬರದಂತೆ ಅರ್ಧ ತೆಂಗಿನ ಚಿಪ್ಪಿಗೆ ತೂತು ಕೊರೆದು, ಮೊಳಕೆ ಆ ತೂತಿನಿಂದ ಮೇಲೆ ಬರುವಂತೆ ಬೋರಲಾಗಿ ಊರಿದೆ, ಅಷ್ಟೇ. ಎರಡು ದಿನ ಯಾರಿಗೂ ಹೇಳಲಿಲ್ಲ. ಕೆಲಸದವಳಿಗೂ ಹೇಳಲಿಲ್ಲ, ಅವಳು ಹಾಡಿಗೆಲ್ಲ ಸಾರುತ್ತಾಳೆ.

ಮೂರನೇ ದಿನ ಬಸ್ಸಿಗೆ ಹೊರಟ ಸೊಸೆ ಚಿಪ್ಪನ್ನು ಕಂಡು ನಿಂತಳು. ಕುಳಿತು ಬಗ್ಗಿ ನೋಡಿದಳು. ಆಗಲೇ ಅದು ಎರಡು ಬೆರಳೆತ್ತರವಾಗಿ, ಜೋಡಿ ಎಲೆ ಬಿಚ್ಚುತ್ತಿತ್ತು. ಬಸ್ಸಿನ ಹಾರ್ನ್ ಕೇಳಿಸಿತು, ಅವಳು ಏಳಲಿಲ್ಲ. ಬಸ್ಸು ಹೋಯಿತು.

"ಇದು ಅದೇ," ಎಂದಳು.

ನನಗೆ ಅಳು ಬಂತು. ಹೇಳಲು ನಾಚಿಕೆ ಏನು, ಚೆನ್ನಾಗಿಯೇ ಅತ್ತೆ. ಪಂಚೆಯ ತುದಿಯಲ್ಲಿ ಮುಖ ಒರೆಸಿಕೊಂಡು ನೋಡಿದರೆ ಅವಳು ಕೈ ಚಾಚಿದ್ದಳು, ಕಟ್ಟಲು ಬಾಳೆನಾರು ಬೇಕಿತ್ತು. ತಂದುಕೊಟ್ಟೆ. ಬಳ್ಳಿ ಒಂದು ಗೇಣಾದಾಗ ತುದಿ ಚಿವುಟಬೇಕು, ಆಗ ಬುಡದಿಂದ ಇನ್ನೂ ಎರಡು ಕವಲು ಬರುತ್ತವೆ ಎಂದು ಅವಳ ಅಪ್ಪ ಹೇಳುತ್ತಿದ್ದರಂತೆ. ಹೇಳುವಾಗ ಅವಳ ದನಿ ಗಟ್ಟಿಯಾಗಿತ್ತು. ಒಂದು ಗೇಣಾದಾಗ ಅವಳೇ ಚಿವುಟಿದಳು. ಎರಡು ಕವಲು ಬಂದವು.

ಎರಡನೇ ಬಳ್ಳಿಯ ಗುಪ್ಪೆಯಿಂದ ಏನೂ ಬರಲಿಲ್ಲ.

ನವೆಂಬರ್ ಕೊನೆಗೆ ಕಾಫಿ ಹಣ್ಣಾಗಿ ಕೊಯ್ಲು ಹತ್ತಿರ ಬಂತು. ಹಣ್ಣು ಹರಡಲು ಅಂಗಳ ಸಾಲದು, ಆ ಗುಪ್ಪೆಯ ಜಾಗವನ್ನೂ ಸೇರಿಸಿ ಸಾರಿಸೋಣ ಎಂದಳು ಹೆಂಡತಿ. ಕಿತ್ತರೆ ಆಯಿತು ಎಂದ ಮಗ. ಸೊಸೆ ನನ್ನ ಹತ್ತಿರ ಬಂದಳು.

"ನೀವು ನೋಡಿ ಹೇಳಿ. ಅದು ಸತ್ತಿದೆಯಾ? ಉರಪ್ಪಾ?"

ಖಚಿತವೇ ಎಂದು ಕೇಳಲು ನಮ್ಮ ಕಡೆಯವರೆಲ್ಲ ಬಳಸುವ ಮಾತು ಅದು. ನನ್ನನ್ನು ಕೇಳುತ್ತಿದ್ದಳು. ನಾನು ಗುಪ್ಪೆಯ ಮುಂದೆ ಮಂಡಿಯೂರಿ, ಬೆರಳಲ್ಲಿ ಸ್ವಲ್ಪ ಸ್ವಲ್ಪವೇ ಮಣ್ಣು ಸರಿಸಿದೆ. ಬುಡದ ತುಂಡು ಸಿಕ್ಕಿತು. ಉಗುರಿನಿಂದ ಗೀರಿದೆ, ಹಸಿರಿಲ್ಲ. ಇನ್ನೂ ಕೆಳಗೆ ಹೋಗಿ ಒಂದು ಬೇರನ್ನು ಹಿಡಿದೆ. ಕಪ್ಪಾಗಿರಲಿಲ್ಲ, ಬೆಳ್ಳಗೂ ಇರಲಿಲ್ಲ. ಜಾರಿಸಿದರೆ ಸಿಪ್ಪೆ ಬರಲಿಲ್ಲ. ಮೊಳಕೆ ಎಲ್ಲೂ ಇರಲಿಲ್ಲ. ಹೆಂಡತಿ, ಮಗ, ಪೊರಕೆ ಹಿಡಿದ ಕೆಲಸದವಳು, ಎಲ್ಲರೂ ನಿಂತು ನೋಡುತ್ತಿದ್ದರು. ಸತ್ತಿದೆ ಎಂದಿದ್ದರೆ ಅಂಗಳ ದೊಡ್ಡದಾಗುತ್ತಿತ್ತು. ಬದುಕಿದೆ ಎಂದಿದ್ದರೆ ಅವಳಿಗೆ ಸಂತೋಷವಾಗುತ್ತಿತ್ತು. ಎರಡೂ ನನಗೆ ಸುಲಭವಾಗಿತ್ತು.

ಮಣ್ಣನ್ನು ಮತ್ತೆ ಮುಚ್ಚಿ, ಕೈ ಕೊಡವಿಕೊಂಡು ಎದ್ದೆ. "ಗೊತ್ತಾಗ್ತಿಲ್ಲ," ಎಂದೆ.

ಸೊಸೆ ಬಗ್ಗಿ ಗುಪ್ಪೆಯ ಮೇಲೆ ತರಗನ್ನು ಎಳೆದಳು.

"ಹಂಗಾದ್ರೆ ಇರ್ಲಿ ಬಿಡಿ ಮಾವ," ಎಂದಳು.

ಓಣಂ ಮುಗಿದು ನಾನು ನಿಜ ಹೇಳಿದ ಆ ದಿನದಿಂದ ಅವಳು ನನ್ನನ್ನು ಮಾವ ಎಂದು ಕರೆದಿರಲಿಲ್ಲ.